ಅಕ್ಕ ಬರೆದ ವಂದನೆಯ ಕಾಗದ

ನಮ್ಮಕ್ಕ ಮೂವತ್ತು ವರ್ಷ ಮೂರನೇ ಕ್ಲಾಸಿಗೆ ಪಾಠ ಮಾಡಿದವಳು. ರಿಟೈರಾದ ಮೇಲೆ ತಿದ್ದಲು ಮಕ್ಕಳು ಸಿಗದೆ ನನ್ನನ್ನೇ ತಿದ್ದತೊಡಗಿದಳು. ಕಾಟ ತಡೆಯಲಾರದೆ ಅವಳನ್ನು ನಾನು ಹೋಗುತ್ತಿದ್ದ ಆಶ್ರಯ ಮನೆಯ ಕೆಲಸಕ್ಕೆ ಹಚ್ಚಿದೆ. ಗಂಡನ ಹೊಡೆತ ತಾಳದೆ ಬೀದಿಗೆ ಬಿದ್ದ ಹೆಂಗಸರು ಅಲ್ಲಿರುತ್ತಾರೆ. ಆ ಮನೆಗೆ ಬೋರ್ಡಿಲ್ಲ. ಅದರ ವಿಳಾಸವನ್ನು ನಾವು ಸತ್ತರೂ ಬಾಯಿ ಬಿಡುವುದಿಲ್ಲ. ಭಾನುವಾರ ಮಾರುಕಟ್ಟೆಯ ಬಾಗಿಲಲ್ಲಿ ಮೇಜು ಹಾಕಿ ಚಂದಾ ಎತ್ತುತ್ತಿದ್ದೆವು. ಕೊಟ್ಟವರಿಗೆಲ್ಲ ಅಕ್ಕ ಕೈಯಾರೆ ವಂದನೆಯ ಕಾಗದ ಬರೆಯುತ್ತಿದ್ದಳು.

"ಅಚ್ಚು ಹಾಕಿಸಿದ್ರೆ ಸಾಲದೇನೇ?" ಎಂದರೆ, "ನಾಚಿಕೆ ಆಗಲ್ವಾ ನಿಂಗೆ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಭಾನುವಾರ ಒಬ್ಬಳು ಬಂದಳು. ತರಕಾರಿ ಚೀಲವನ್ನೂ ಕೆಳಗಿಡದೆ ಡಬ್ಬಿಗೆ ಒಂದು ನೋಟು ಹಾಕಿದಳು.

"ನನ್ನ ಫ್ರೆಂಡೊಬ್ಬಳಿದಾಳೆ. ಎರಡು ಮಕ್ಕಳು. ಮಕ್ಕಳನ್ನೂ ಇಟ್ಕೋತಾರಾ ಅಲ್ಲಿ?"

ಅಕ್ಕ ಉತ್ತರ ಹೇಳುವಷ್ಟರಲ್ಲಿ ರಸ್ತೆಯಲ್ಲಿ ಬೈಕಿನ ಹಾರ್ನ್ ಕೇಳಿತು. ಬಂದವಳ ಮುಖ ಬಿಳಿಚಿಕೊಂಡಿತು. ಮಹಾ ಜಾಣೆ ನಾನು, ಆ ಗಡಿಬಿಡಿಯಲ್ಲೂ ಪುಸ್ತಕ ಮುಂದೆ ತಳ್ಳಿ "ವಿಳಾಸ ಬರೀರಮ್ಮ" ಎಂದೆ. ಗೀಚಿ ಓಡಿದಳು.

"ಫ್ರೆಂಡಂತೆ, ಫ್ರೆಂಡು! ಅವಳ ಕಥೆಯೇ ಕಣೇ ಅದು," ಎಂದು ಅಕ್ಕ ಮರುಗಿದಳು. ಮರುದಿನವೇ ವಂದನೆಯ ಕಾಗದದಲ್ಲಿ ಬರೆದಳು: 'ನಿಮ್ಮ ಗೆಳತಿಗೆ ಜಾಗ ಇದೆ. ಮಕ್ಕಳನ್ನೂ ಕರೆತರಲಿ. ಯಾವಾಗ ಬೇಕಾದರೂ ಫೋನ್ ಮಾಡಲಿ.' ಅಂಚೆ ಡಬ್ಬಿಗೆ ಹಾಕಿದವಳು ನಾನು. ಒಂದು ಮನೆಯ ವಿಳಾಸ ಮುಚ್ಚಿಡಲು ಅಷ್ಟು ಒದ್ದಾಡುವ ನಮಗೆ, ಇನ್ನೊಂದು ಮನೆಯಲ್ಲಿ ಕಾಗದ ಒಡೆಯುವವರು ಯಾರು ಎಂಬುದು ಹೊಳೆಯಲೇ ಇಲ್ಲ. ನಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ!

ನಾಲ್ಕು ವಾರ ಅವಳ ಸುಳಿವಿಲ್ಲ. ಅಕ್ಕನಿಗೆ ಅನ್ನ ಸೇರದಾಯಿತು. ಕಡೆಗೆ ಚಂದಾ ಕೇಳುವ ನೆಪದಲ್ಲಿ ಅವಳ ಮನೆಗೇ ಹೋದೆವು. ಗಂಡ ಬಾಗಿಲು ತೆಗೆದು, ಬಲು ವಿನಯದಿಂದ ಕೂರಿಸಿದ. ಎದುರಿಗಿದ್ದ ಮೇಜಿನ ಗಾಜಿನಡಿ ಅಕ್ಕನ ಕಾಗದ ಚೊಕ್ಕಟವಾಗಿ ಹರಡಿತ್ತು.

"ಎಷ್ಟು ಮುದ್ದಾದ ಅಕ್ಷರ ಮೇಡಂ! ದಿನಾ ಇವಳ ಕೈಲಿ ಜೋರಾಗಿ ಓದಿಸ್ತೀನಿ," ಎಂದ. ಒಳಗೆ ತಿರುಗಿ, "ಏ, ಬಾರೆ. ಆ ಫ್ರೆಂಡ್ ಯಾರು ಅಂತ ಇವರಿಗಾದ್ರೂ ಹೇಳು."

ಬಂದಳು. ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಎರಡು ಮಕ್ಕಳು ಬೆನ್ನಿಗಂಟಿ ನಿಂತಿದ್ದವು.

ಅಕ್ಕ ದಡಕ್ಕನೆ ಎದ್ದಳು. "ಮಕ್ಕಳನ್ನ ಕರ್ಕೊಂಡು ಈಗಲೇ ಬಾಮ್ಮ. ಯಾರು ತಡೀತಾರೋ ನೋಡೇಬಿಡ್ತೀನಿ!"

"ಹೋಗಲಿ, ನಾನೇನು ಹಿಡ್ಕೊಂಡಿದೀನಾ? ಮಕ್ಕಳು ಮಾತ್ರ ಇಲ್ಲೇ," ಎಂದು ಅವನು ಚಿಕ್ಕದರ ತಲೆಯ ಮೇಲೆ ಕೈಯಿಟ್ಟ.

ಅವಳು ಆ ಕೈಯನ್ನೇ ನೋಡಿದಳು. "ನನಗೆ ಯಾವ ಫ್ರೆಂಡೂ ಇಲ್ಲ ಮೇಡಂ. ದಮ್ಮಯ್ಯ, ಇನ್ನು ಬರಬೇಡಿ. ನೀವು ಹೋದ ಮೇಲೆ ಇಲ್ಲಿರೋಳು ನಾನು."

ಸೀದಾ ಪೊಲೀಸರ ಹತ್ತಿರ ಹೋದೆವು. ಅವರಿಗೂ ಅವಳು ಏನೂ ಆಗಿಲ್ಲವೆಂದಳಂತೆ. ಹದಿನೈದು ದಿನಕ್ಕೆ ಆ ಮನೆಗೆ ಬೀಗ ಬಿತ್ತು; ಎಲ್ಲಿಗೆ ಹೋದರೋ ಪಕ್ಕದವರಿಗೂ ಗೊತ್ತಿಲ್ಲ. ಅಕ್ಕ ಬೀಗ ಹಿಡಿದು ಜಗ್ಗಿದಳು, ಜಗ್ಗಿದಳು, ಕಡೆಗೆ ಮೆಟ್ಟಿಲ ಮೇಲೆ ಕುಸಿದು ಕೂತಳು.

"ನಾವು ಸುಮ್ನಿದ್ದಿದ್ರೆ ಅವಳಾಗೇ ಬರ್ತಿದ್ಲು ಕಣೇ," ಎಂದಳು.

ನಾನೂ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ.