ಗುರುತು ಹಾಕುವ ಮುಂಚೆ ಕಿತ್ತ ಕಲ್ಲು

ಕಲ್ಲಿಗೆ ಸುತ್ತಿಗೆ ತಾಕಿಸುವ ಮೊದಲು ಅದರ ಮೇಲೆ ಬಾಣದ ಗುರುತು ಹಾಕಬೇಕು. ಉತ್ತರ ಯಾವ ಕಡೆ, ಇಳಿಜಾರು ಎಷ್ಟು, ಎಲ್ಲ ಬರೆದು ಆಮೇಲೆ ಒಡೆಯಬೇಕು. ಭೂವಿಜ್ಞಾನ ಓದುವವರಿಗೆ ಇದು ಮೊದಲ ಪಾಠ. ಗುರುತಿಲ್ಲದೆ ಕಿತ್ತದ್ದು ಬೀದಿಯ ಕಲ್ಲಿಗೆ ಸಮ.

ದೊಡ್ಡಬೆಳವಂಗಲದ ಆಚೆಯ ಕಲ್ಲುಕ್ವಾರಿಯ ಗೋಡೆಯಲ್ಲಿ ನನ್ನ ಸಂಶೋಧನೆಗೆ ಬೇಕಾದ ಕಪ್ಪು ಪಟ್ಟೆಯೊಂದಿತ್ತು. ಎಂದೋ ಬೆಟ್ಟಗಳು ಏಳುತ್ತಿದ್ದ ಕಾಲದಲ್ಲಿ, ನೆಲದ ಬಹಳ ಆಳದಲ್ಲಿ, ಕಾವಿಗೆ ಮೆತ್ತಗಾದ ಬೂದು ಬಂಡೆ ಚಪಾತಿ ಹಿಟ್ಟಿನಂತೆ ಉದ್ದಕ್ಕೆ ಎಳೆದುಕೊಂಡಿದೆ. ಗಟ್ಟಿಯಾದ ಕಪ್ಪು ಪಟ್ಟೆ ಮಾತ್ರ ತಾಳಲಾರದೆ ತುಂಡುತುಂಡಾಗಿ ದೂರ ಸರಿದು, ಸಂದಿಗೆಲ್ಲ ಬಿಳಿಕಲ್ಲು ತುಂಬಿಕೊಂಡಿದೆ. ಯಾವ ದಿಕ್ಕಿಗೆ ಎಳೆಯಿತು ಎಂದು ಹೇಳುವ ಸಣ್ಣ ಗೆರೆಗಳು ಒಂದೇ ಮೂಲೆಯಲ್ಲಿ ಸ್ಪಷ್ಟವಾಗಿದ್ದವು. ನಾನು ಹೋದ ದಿನ ಮಧ್ಯಾಹ್ನವೇ ಆ ಗೋಡೆಗೆ ಸಿಡಿಮದ್ದು ಇಡುವವರಿದ್ದರು.

ಜೊತೆಗೆ ಅಪ್ಪ ಬಂದಿದ್ದ. ಜೀವಮಾನವೆಲ್ಲ ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸಿದವನು. ಆ ಸದ್ದಿಗೆ ಕಿವಿ ಮುಕ್ಕಾಲು ಹೋಗಿದೆ. ಎದುರಿಗೆ ನಿಂತು ಜೋರಾಗಿ ಹೇಳಿದರೆ ಕೇಳುತ್ತದೆ. “ಬಂಡೆ ಹತ್ರ ಒಬ್ಳೇ ಹೋಗ್ತೀಯಾ? ನಾನೂ ಬರ್ತೀನಿ” ಎಂದು ಹಟ ಹಿಡಿದಿದ್ದ. ನಾನು ಚೀಲದಿಂದ ದಿಕ್ಕು ನೋಡುವ ಕಂಪಾಸು ತೆಗೆದು ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಟಣ್ ಎಂದಿತು. ಅಪ್ಪ ನನ್ನ ಸುತ್ತಿಗೆಯಿಂದ ಆ ಮೂಲೆಯನ್ನೇ ಕಿತ್ತಿದ್ದ.

“ತಗೋ ಮಗಳೇ, ನಿನ್ ಗೆರೆ ಕಲ್ಲು!”

ಸಿಟ್ಟು ನೆತ್ತಿಗೇರಿತು. ಮುಖಕ್ಕೆ ಮುಖ ಕೊಟ್ಟು ಕಿರುಚಿದೆ. “ಗುರುತು ಹಾಕೋಕ್ ಮುಂಚೆ ಕಿತ್ಬಿಟ್ಯಲ್ಲಪ್ಪಾ! ಎಲ್ಲಾ ಹಾಳ್ಮಾಡ್ಬಿಟ್ಟೆ! ಸುಮ್ನೆ ಮನೇಲಿರೋಕೆ ಏನ್ ಕಷ್ಟ ನಿಂಗೆ?”

ಅಪ್ಪ ಆ ತುಂಡನ್ನು ಎದೆಗೆ ಅವುಚಿಕೊಂಡ. ಸಿಡಿಮದ್ದಿನ ಹೊತ್ತಾಯಿತೆಂದು ಕ್ವಾರಿಯ ಮೇಸ್ತ್ರಿ ಕೈಬೀಸಿ ಕರೆದ. ಇಬ್ಬರೂ ದೂರದ ಶೆಡ್ಡಿಗೆ ಬಂದೆವು. ನಾನು ಅಪ್ಪನಿಗೆ ಬೆನ್ನು ಹಾಕಿ ಕೂತೆ.

ಸೈರನ್ ಕೂಗಿತು. ತಿರುಗಿ ನೋಡಿದರೆ ಅಪ್ಪ ಇಲ್ಲ! ಅಲ್ಲಿ, ಗೋಡೆಯ ಬುಡದಲ್ಲಿ, ಅವನ ಬಿಳಿ ಅಂಗಿ.

“ಅಯ್ಯಯ್ಯೋ, ಬತ್ತಿಗೆ ಬೆಂಕಿ ಕೊಟ್ಟಾಯ್ತಲ್ಲಮ್ಮಾ!” ಮೇಸ್ತ್ರಿ ತಲೆ ಚಚ್ಚಿಕೊಂಡ.

“ಅಪ್ಪಾ! ಅಪ್ಪಾ!” ಅವನು ಕತ್ತು ಕೂಡ ಹೊರಳಿಸಲಿಲ್ಲ. ಕಲ್ಲು ಹಾಳಾಗಲಿ, ನನಗೆ ನನ್ನಪ್ಪ ಬೇಕಿತ್ತು. ತಡೆಯಲು ಬಂದ ಮೇಸ್ತ್ರಿಯ ಕೈ ಕೊಡವಿ ಓಡಿದೆ.

ಅಪ್ಪ ಆ ತುಂಡನ್ನು ಕಿತ್ತ ಜಾಗದಲ್ಲೇ ಕೂರಿಸಿ, ಎರಡೂ ಅಂಗೈಯಿಂದ ಒತ್ತಿ ಹಿಡಿದು ನಿಂತಿದ್ದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತ್ತು. ನನ್ನ ಕಂಡು ಮುಖ ಅರಳಿತು.

“ಎಲ್ಲಿತ್ತೋ ಅಲ್ಲೇ ಕೂತೈತೆ ನೋಡು. ಈಗ ಹಾಕು ಗುರುತು.”

ರಟ್ಟೆ ಹಿಡಿದು ಎಳೆದೆ. ಕಲ್ಲು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನನ್ನು ದರದರನೆ ಎಳೆದುಕೊಂಡು ಓಡಿದೆ. ದಾರಿಯಲ್ಲಿದ್ದ ದೊಡ್ಡ ಗುಂಡುಕಲ್ಲಿನ ಮರೆಗೆ ಇಬ್ಬರೂ ಉರುಳಿಕೊಂಡೆವು. ನೆಲ ಅದುರಿತು. ತಲೆಯ ಮೇಲೆಲ್ಲ ಚೂರುಕಲ್ಲು ಸುರಿಯಿತು.

ಧೂಳಿನಲ್ಲಿ ಗೋಡೆ ಇದ್ದ ಕಡೆ ಏನೂ ಕಾಣುತ್ತಿರಲಿಲ್ಲ. ಅಪ್ಪನ ಅಂಗಿ ಹಿಡಿದುಕೊಂಡು ಗೋಳೋ ಎಂದು ಅತ್ತೆ. ಅವನು ನನ್ನ ಕಡೆ ತಿರುಗಿದ.

“ಕೂಗ್ಬಾರ್ದಿತ್ತಾ ನೀನು?”

“ಕೂಗ್ದೆ ಅಪ್ಪಾ. ಗಂಟ್ಲು ಹರ್ಕೊಂಡು ಕೂಗ್ದೆ.”

ಅಪ್ಪ ನನ್ನ ಮುಖದ ಧೂಳು ಒರೆಸಿದ.

“ಬೈದಿದ್ದು ಮಾತ್ರ ಕೇಳಿಸ್ತು ಕಣಮ್ಮ.”