ಮಣ್ಣಿನ ನುಸಿ ಬೇರೆ, ಎಲೆಯ ನುಸಿ ಬೇರೆ

ನಾನು ಮಾಡುವ ಕೆಲಸವನ್ನು ನಮ್ಮ ಮನೆಯವರು ಬೀಗರ ಮುಂದೆ ಹೇಳುವುದಿಲ್ಲ. ಮಣ್ಣಿನಲ್ಲಿ ಹರಿದಾಡುವ, ಬರಿಗಣ್ಣಿಗೆ ಚುಕ್ಕಿಯಷ್ಟೇ ಕಾಣುವ ನುಸಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೈಕಟ್ಟು ನೋಡಿ ಇದು ಯಾವ ಜಾತಿಯದು ಎಂದು ಗುರುತಿಸುವುದು ನನ್ನ ಉದ್ಯೋಗ. ಕಾಲಿನ ಉಗುರು ಒಂದೋ ಮೂರೋ, ತಲೆಯ ಎರಡೂ ಬದಿಯ ಕುಳಿಯಿಂದ ಎದ್ದ ಕೂದಲು ದಾರದಂತೆ ಸಪೂರವೋ ಅಥವಾ ತುದಿಗೆ ಗುಂಡಗಿದೆಯೋ, ಬೆನ್ನ ಚಿಪ್ಪಿನ ಅಂಚಿಗೆ ಹಾರಲು ಬಾರದ ರೆಕ್ಕೆಯಂಥ ಮಡಿಕೆ ಇದೆಯೋ ಇಲ್ಲವೋ, ಇಷ್ಟು ನೋಡುವುದರಲ್ಲಿ ಅರ್ಧ ದಿನ ಹೋಗುತ್ತದೆ. ಕಕ್ಕೇರಾದ ನಮ್ಮ ಕಾಕಿಗೆ ಒಮ್ಮೆ ಇದನ್ನೆಲ್ಲ ವಿವರಿಸಿದೆ. ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಕೇಳಿಸಿಕೊಂಡು, "ಮಂದಿ ಹುಳ ಕೊಲ್ಲಾಕ ಸಾಲಿ ಕಲೀತಾರ, ನೀ ಅವಕ್ಕ ಹೆಸರಿಡಾಕ ಕಲ್ತಿ. ಇನ್ನ ತೊಟ್ಟಲ ಒಂದ ಬಾಕಿ ನೋಡವಾ," ಎಂದಳು.

ಹೋದ ಶಿವರಾತ್ರಿಯ ಹೊತ್ತಿಗೆ ಕಾಕಾ ಫೋನು ಮಾಡಿದ. ಕಾಕಾ ಕುರಿ ಕಾಯುವವನು. ಬೇಸಿಗೆಯಲ್ಲಿ ರೈತರ ಹೊಲದಲ್ಲಿ ರಾತ್ರಿಯೆಲ್ಲ ಕುರಿ ತರಬುತ್ತಾನೆ, ಅಂದರೆ ಮಂದೆಯನ್ನು ಅಲ್ಲೇ ನಿಲ್ಲಿಸುತ್ತಾನೆ. ಹಿಕ್ಕೆ, ಗಂಜಲ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ, ಅದಕ್ಕೆ ರೈತರು ಜೋಳ ಅಳೆಯುತ್ತಾರೆ. ಮೊದಲ ತರಬು ಯಾವತ್ತೂ ಅವನ ಬಾಲ್ಯದ ದೋಸ್ತನ ಹೊಲದಲ್ಲೇ. ಆ ದೋಸ್ತ ಕಾಲುವೆ ನೀರಿನಲ್ಲಿ ಮೆಣಸಿನಕಾಯಿ ಬೆಳೆಯುವವನು. ಆ ವರ್ಷ ಅವನ ಗಿಡದ ಎಲೆಗಳೆಲ್ಲ ಮುದುಡಿದವು. ನೋಡಿದವರು ನುಸಿ ರೋಗ ಎಂದರು. ದೋಸ್ತ ಹೊಲ ಕೆದರಿ ನೋಡಿದ; ಹಿಂದಿನ ಬೇಸಿಗೆಯಲ್ಲಿ ಕುರಿ ನಿಂತಿದ್ದ ಜಾಗದ ಮಣ್ಣಿನಲ್ಲಿ ಸಣ್ಣವೇನೋ ಹರಿದಾಡುತ್ತಿದ್ದವು. ಸೀದಾ ಹೋಟೆಲಿಗೆ ಹೋಗಿ, ಚಹಾ ಕುಡಿಯುವ ಮಂದಿಯ ಮುಂದೆ, "ಇದು ಕುರಿ ತಂದ ನುಸಿ," ಅಂದುಬಿಟ್ಟ. ಊರ ಬಾಯಿಗೆ ಅಷ್ಟು ಸಾಕಾಯಿತು. ಬೇಸಿಗೆ ಹತ್ತಿರ ಬಂದರೂ ಕಾಕಾನ ಕುರಿಯನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ.

"ನೀ ಏನೇನೋ ನುಸಿ ಅಂತಿದ್ದೆಲ್ಲವಾ, ನಾವು ನಗತಿದ್ವಿ," ಎಂದ ಕಾಕಾ. "ಈಗ ಬಾ. ನನ್ನ ಕುರಿ ನಿಲ್ಲಾಕ ಜಾಗಾ ಇಲ್ಲ." ಯಾರಿಗೂ ತಗ್ಗದ ಆ ಧ್ವನಿ ತಗ್ಗಿದ್ದು ಕೇಳಿ ನಾನು ಮರುದಿನವೇ ರಜೆ ಹಾಕಿದೆ.

ಯಾದಗಿರಿಯಿಂದ ಶಹಾಪುರ, ಸುರಪುರ ದಾಟುವವರೆಗೂ ಸೂಕ್ಷ್ಮದರ್ಶಕದ ಪೆಟ್ಟಿಗೆ ತೊಡೆಯ ಮೇಲೇ ಇತ್ತು. "ಏನ್ರಿ ಅದು, ಹೊಲಿಗಿ ಮಷೀನೇನ್ರಿ?" ಎಂದ ಕಂಡಕ್ಟರ್. ಹೌದು ಎಂದೆ. ನುಸಿ ನೋಡುವ ಮಷೀನು ಎಂದಿದ್ದರೆ ಇಡೀ ಬಸ್ಸಿಗೆ ಪಾಠ ಮಾಡಬೇಕಾಗುತ್ತಿತ್ತು.

ದೋಸ್ತನ ಹೊಲದ ಮಣ್ಣನ್ನು ಜರಡಿಗೆ ಹಾಕಿ, ಜರಡಿಯನ್ನು ಲಾಳಿಕೆಯ ಮೇಲಿಟ್ಟು, ಮೇಲಿಂದ ಬಲ್ಬು ಉರಿಸಿದೆ. ಬಿಸಿ ತಾಳಲಾರದೆ ನುಸಿಗಳು ಕೆಳಗಿಳಿದು ಲಾಳಿಕೆಯ ಬುಡದ ಸೀಸೆಗೆ ಬೀಳುತ್ತವೆ. ಬಲ್ಬು ಕಾಕಿಯ ಪಡಸಾಲೆಯದು. "ಹುಳಕ್ಕ ಬೆಳಕ, ಮನಶ್ಯಾರಿಗಿ ಕತ್ತಲ. ಚಲೋ ನ್ಯಾಯ ಅದ!" ಎಂದು ಕಾಕಿ ಬಂದವರಿಗೆಲ್ಲ ಹೇಳಿದಳು.

ಎರಡು ದಿನ ಬಿಟ್ಟು ದೋಸ್ತನ ಮನೆಯ ಕಟ್ಟೆಯ ಮೇಲೆ ಮಷೀನು ಹೂಡಿದೆ. ಅವನೂ ಬಂದು ಕುಳಿತ, ಬಿಗಿದ ಮುಖ. ಕಾಕಾ ದೂರದ ಕಂಬಕ್ಕೆ ಒರಗಿ ಕುಳಿತು ತಂಬಾಕು ತಿಕ್ಕುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೊದಲು ಮುದುಡಿದ ಎಲೆ ಇಟ್ಟೆ. ದೋಸ್ತ ತೆರೆಯಬೇಕಾದ ಕಣ್ಣು ಮುಚ್ಚಿ, ಮುಚ್ಚಬೇಕಾದದ್ದು ತೆರೆದು, "ಏನೂ ಇಲ್ಲಲ್ಲ?" ಎಂದ. ಕಣ್ಣು ಬದಲಿಸಿದ ಮೇಲೆ ಉಸಿರು ಹಿಡಿದ. "ಯವ್ವಾ! ಬೆಳ್ಳಗ, ಗಾಜಿನಂಗ ಅದಾವ."

"ಮೈ ಮೆತ್ತಗದ, ಮಾಮಾ. ಇವು ಎಲಿ ಚುಚ್ಚಿ ರಸ ಹೀರತಾವ. ಈಗ ನಿಮ್ಮ ಮಣ್ಣಿನವ ನೋಡ್ರಿ."

"ಇವು ಹುಣಸಿಬೀಜ ಇದ್ದಂಗ ಅದಾವಲ್ಲ!"

"ಹೌದ್ರಿ. ಕಂದು ಬಣ್ಣ, ಗಟ್ಟಿ ಚಿಪ್ಪು. ತಲಿಮ್ಯಾಲ ಆ ಕೂದಲ ಕಾಣಿಸ್ತದಿಲ್ಲ? ತುದಿಗಿ ಗುಂಡಗದ. ಎಲಿ ನುಸಿಗಿ ಇಂಥಾ ಗಟ್ಟಿ ಚಿಪ್ಪ ಇಲ್ಲ. ಇವು ಕೊಳತ ಎಲಿ, ಕಸ ತಿಂದು ಮಣ್ಣ ಮಾಡ್ತಾವ, ಹಸಿ ಗಿಡದ ತಂಟಿಗಿ ಹೋಗಂಗಿಲ್ಲ. ಕುರಿ ತಂದವಲ್ಲ. ಮೊದಲಿಂದ ನಿಮ್ಮ ಹೊಲದಾಗ ಇದ್ದವ. ಗೊಬ್ಬರ ಬಿತ್ತು, ಹೆಚ್ಚಾದವು."

ಅವನು ಎಲೆ ನೋಡಿದ, ಮಣ್ಣು ನೋಡಿದ, ಮತ್ತೆ ಎಲೆ ನೋಡಿದ. "ಎರಡಕ್ಕೂ ಎಂಟೆಂಟು ಕಾಲ ಅದಾವಲ್ಲ? ಅಂದ್ರ ಕುಲ ಒಂದ, ಬೆಡಗ ಬ್ಯಾರೆ ಅನ್ನು!" ಒಂದೇ ಕುಲದೊಳಗಿನ ಮನೆತನದ ಕವಲಿಗೆ ನಮ್ಮಲ್ಲಿ ಬೆಡಗು ಎನ್ನುತ್ತಾರೆ; ಇದನ್ನು ಇಷ್ಟು ಚೆಂದಾಗಿ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಮುಂದೆ ಅವನನ್ನು ಹಿಡಿಯುವವರೇ ಇಲ್ಲ. ಹೆಂಡತಿಯನ್ನು ಕರೆದು ತೋರಿಸಿದ, ದಾರಿಗೆ ಹೋಗುವವರನ್ನು ಕೂಗಿ ಕರೆದು ತೋರಿಸಿದ. ಹತ್ತು ವರ್ಷ ನುಸಿಗಳ ಜೊತೆ ಬಾಳ್ವೆ ಮಾಡಿದವನಂತೆ ನನಗೇ ವಿವರಿಸತೊಡಗಿದ. ಕೊನೆಗೆ ಕಂಬದ ಕಡೆ ತಿರುಗಿ, "ದೋಸ್ತ, ಗಿಡ ಕಿತ್ತ ಕೂಡಲೇ ಕುರಿ ತಂದು ತರಬಪಾ," ಎಂದ.

ಕಾಕಾ ಏಳಲಿಲ್ಲ. ನಾನೇ ಕರೆದೆ. "ಕಾಕಾ, ನೀನೂ ಒಂದೀಟು ನೋಡು ಬಾ."

"ನಾ ಯಾಕ ನೋಡ್ಲೆವ್ವಾ? ನನ್ನ ಕುರಿ ಎಂಥಾವಂತ ನನಗ ಗೊತ್ತದ." ಆಮೇಲೆ ದೋಸ್ತನ ಕಡೆ ನೋಡಿದ. "ಹುಳದ ಗುರುತು ಹಿಡಿಯಾಕ ಮಷೀನ ಬೇಕಾತು, ಆಗಲಿ. ನನ್ನ ಗುರುತು ಹಿಡಿಯಾಕೂ ಮಷೀನ ಬೇಕಾತೇನಲೇ ನಿನಗ?"

ನನ್ನ ಕೆಲಸ ಮುಗಿಯಿತೆಂದು ಮಸೂರ ಒರೆಸುತ್ತಿದ್ದವಳು ಹಾಗೇ ಕುಳಿತೆ. ದೋಸ್ತ ಎದ್ದು, ಚಪ್ಪಲಿ ಮೆಟ್ಟಿ ಹೋಟೆಲಿನ ಕಡೆ ನಡೆದ. ಕಟ್ಟೆಯವರೆಲ್ಲ ಹಿಂದೆ ಹೋದೆವು. ಕಾಕಾನೂ ಬಂದ, ಎಲ್ಲರಿಗಿಂತ ಹಿಂದೆ.

ತುಂಬಿದ ಹೋಟೆಲಿನಲ್ಲಿ ನಿಂತು ದೋಸ್ತ ಹೇಳಿದ: "ಇವನ ಕುರಿ ನುಸಿ ತಂದಾವ ಅಂತ ಇಲ್ಲೇ ಅಂದಿದ್ದೆ. ಸುಳ್ಳದು. ನಾನ ತಪ್ಪಿದೆ."

ಮಂದಿ ಬಲು ಚುರುಕು. ಒಬ್ಬ ಆಗಲೇ ಎದ್ದು, "ಹಂಗಾದ್ರ ಮೊದಲ ನನ್ನ ಹೊಲಕ್ಕ ಬರ್ರಿ," ಎಂದ. ಇನ್ನೊಬ್ಬ ಜೋಳ ಹೆಚ್ಚಿಗೆ ಅಳೆಯುತ್ತೇನೆಂದ. ಕಾಕಾ ಇಬ್ಬರಿಗೂ ಕೈ ಅಡ್ಡ ಹಿಡಿದ.

"ಮೊದಲ ಇವನ ಹೊಲಕ್ಕ. ಇವಂದು ಬೆಳಿ ಹೋಗ್ಯಾದ. ಈ ಸಲ ಇವನ ಜೋಳ ನನಗ ಬ್ಯಾಡ."

ಎದೆ ಸೆಟೆಸಿ ತಪ್ಪೊಪ್ಪಿಕೊಂಡಿದ್ದ ಮನುಷ್ಯ ಆ ಮಾತಿಗೆ ಹೆಗಲ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದ. ಕಾಕಾ ಅವನ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂಡಿಸಿದ.

"ಸುಮ್ಮಕಿರಲೇ, ಹುಡುಗಿ ನೋಡಾಕತ್ತಾಳ," ಎಂದ. ಕಾಕಾನ ಕಣ್ಣೂ ಒದ್ದೆಯಾಗಿತ್ತು.