ಎಣಿಸದೆ ಬಿಟ್ಟ ಕಂಬ

ಫೆಟು ಮೊದಲು ಕಟ್ಟಿದ್ದು ಬಸ್ ತಂಗುದಾಣ. ಕಟ್ಟಿದ್ದು ಎಂದರೆ ರಟ್ಟಿನಲ್ಲಿ, ಆಕ್ಲೆಂಡಿನ ಆರ್ಕಿಟೆಕ್ಚರ್ ಕಾಲೇಜಿನ ಎರಡನೆಯ ವರ್ಷದಲ್ಲಿ. ನಿನ್ನೂರಿಗೆ ಬೇಕಾದದ್ದೇನಾದರೂ ಮಾಡು ಎಂದು ಮೇಷ್ಟ್ರು ಹೇಳಿದಾಗ ಅವಳಿಗೆ ಹೊಳೆದದ್ದು ಸಮೋವಾದ ಫಾಲೆಮಾಲು ಎಂಬ ತನ್ನೂರಿನ ಬಸ್ಸು. ಸಮುದ್ರಕ್ಕೆ ಮುಖ ಮಾಡಿದ ಬೆಂಚು, ಗಾಳಿಗೆ ಕಿಂಡಿ, ಬಿಸಿಲಿಗೆ ತಡಿಕೆ, ಎಲ್ಲ ಅಚ್ಚುಕಟ್ಟು. ರಜೆಯಲ್ಲಿ ಬಂದು ಚಿತ್ರ ತೋರಿಸಿದಾಗ ಅಜ್ಜಿ ಕನ್ನಡಕ ಏರಿಸಿ ನೋಡಿದಳು.

"ಚೆನ್ನಾಗಿದೆ ಕಣೇ. ಆದ್ರೆ ಬಸ್ಸು ಬರೋದು ಬೆನ್ನ ಹಿಂದಿಂದ ಅಲ್ವಾ?"

ಬೆಂಚಿನಲ್ಲಿ ಕೂತವರಿಗೆ ಸಮುದ್ರ ಕಾಣುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಹಡಗಿಗೆ ಕಾಯುವವರಿಗೆ ಅನುಕೂಲ. ಊರವರು ಎಂದಿನಂತೆ ಜೀಗುಜ್ಜೆ ಮರದ ಕೆಳಗೆ ಕೂತು ಬಸ್ಸು ಕಾದರು, ಮತ್ತು ಫೆಟು ಅಂದಿನಿಂದ ಗೆರೆ ಎಳೆಯುವ ಮೊದಲು ಕೇಳುವುದನ್ನು ಕಲಿತಳು.

ಮೂರನೆಯ ವರ್ಷ ಚಾಪೆ ಹೆಣೆಯುವ ಹೆಂಗಸರಿಗೆ ಒಂದು ಚಾವಡಿ ಬೇಕಿತ್ತು. ಮೂರು ವಾರ ಅವರ ಜೊತೆಯಲ್ಲೇ ಕೂತು, ಹೆಣೆದು, ಬೆರಳು ಕುಯ್ದುಕೊಂಡು, ಅವರಿಗೆ ಬೇಕಾದದ್ದು ಕಾಲು ಚಾಚುವಷ್ಟು ಜಾಗ ಮತ್ತು ಯಾರ ವಿಷಯ ಮಾತಾಡುತ್ತಿದ್ದಾರೋ ಅವರು ದೂರದಿಂದಲೇ ಕಾಣುವಂತೆ ಒಂದು ನೋಟ ಎಂದು ಕಂಡುಕೊಂಡಳು. ಫಾಲೆಮಾಲುವಿನಲ್ಲಿ ಗೋಡೆಗೂ ಕಿವಿಯಿದೆ ಎಂದು ಯಾರೂ ಹೇಳುವುದಿಲ್ಲ. ಮನೆಗಳಿಗೆ ಗೋಡೆಯೇ ಇಲ್ಲ. ಕಿವಿಗಳಿಗೆ ಮಾತ್ರ ಕೊರತೆಯಿಲ್ಲ. ಆ ಚಾವಡಿ ನಿಜವಾಗಿಯೂ ಎದ್ದು ನಿಂತಿತು. ಹೆಂಗಸರು ಅದಕ್ಕೆ ಅವಳ ಹೆಸರನ್ನೇ ಇಟ್ಟರು. ಅಲ್ಲಿ ಹುಟ್ಟಿದ ಸುದ್ದಿಯನ್ನೆಲ್ಲ "ಫೆಟುವಿನಲ್ಲಿ ಕೇಳಿದ್ದು" ಎನ್ನತೊಡಗಿದರು.

ಕೊನೆಯ ವರ್ಷಕ್ಕೆ ಮುಂಚೆ ಚಂಡಮಾರುತ ಬಂದು ಊರಿನ ಸಭಾಮನೆಯನ್ನು ಎತ್ತಿಕೊಂಡು ಹೋಯಿತು. ಹೊಸದರ ನಕ್ಷೆಯನ್ನು ನಮ್ಮ ಹುಡುಗಿಯೇ ಬರೆಯಲಿ ಎಂದು ಯಜಮಾನರು ಹೇಳಿ ಕಳಿಸಿದರು.

ಸಭಾಮನೆ ಎಂದರೆ ಕಂಬಗಳು. ಸುತ್ತ ವೃತ್ತವಾಗಿ ನಿಂತ ಒಂದೊಂದು ಕಂಬವೂ ಒಂದೊಂದು ಮನೆತನದ ಪಟ್ಟಕ್ಕೆ ಸೇರಿದ್ದು. ಪಟ್ಟ ಹೊತ್ತವನು ಸಭೆಯಲ್ಲಿ ತನ್ನ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಬೆನ್ನಿಗೆ ಕಂಬವಿಲ್ಲದವನ ಬಾಯಿಗೆ ಮಾತಿಲ್ಲ. ಹಳೆಯ ಮನೆಗೆ ಇಪ್ಪತ್ತೆರಡು ಕಂಬ. ಅದರಲ್ಲೊಂದು, ಸಮುದ್ರದ ಕಡೆಯದು, ತಾಫಿಲಿ ಪಟ್ಟದ್ದು. ಫೆಟುವಿನ ತಾಯಿಯ ತಂದೆ ಕೂರುತ್ತಿದ್ದದ್ದು. ಅಜ್ಜ ಸತ್ತು ಹನ್ನೊಂದು ವರ್ಷವಾದರೂ ಪಟ್ಟ ಖಾಲಿಯಿತ್ತು. ಆಕ್ಲೆಂಡಿನ ದಾಯಾದಿಗಳು ಒಬ್ಬನ ಹೆಸರು ಹೇಳಿದರೆ ಊರಲ್ಲಿದ್ದ ದಾಯಾದಿಗಳು ಇನ್ನೊಬ್ಬನದು. ಪಟ್ಟ ಯಾರಿಗೂ ಸಿಗಲಿಲ್ಲ, ಪಟ್ಟು ಯಾರೂ ಬಿಡಲಿಲ್ಲ.

ಈ ಹನ್ನೊಂದು ವರ್ಷವೂ ಮನೆತನದ ಹೊರೆ ಹೊತ್ತವನು ಸೋದರಮಾವ ಇಯೊಸುವ. ಸಾವಿಗೆ ಹಂದಿ, ಮದುವೆಗೆ ಚಾಪೆ, ಪಾದ್ರಿಗೆ ಭಾನುವಾರದ ಊಟ ಎಲ್ಲ ಅವನದೇ. ಸಭೆಯಾದಾಗ ಹಿಂದೆ ಒಲೆಯ ಹತ್ತಿರ ಕೆಸುವಿನ ಗೆಡ್ಡೆ ಬೇಯಿಸುತ್ತಿದ್ದವನೂ ಅವನೇ. ಐವತ್ತೆಂಟರ ವಯಸ್ಸಿನಲ್ಲೂ ಪಟ್ಟವಿಲ್ಲದ ಗಂಡಸು ಅಲ್ಲಿ ಇನ್ನೂ ಹುಡುಗನೇ. ಕೊನೆಗೂ ಆ ಈಸ್ಟರಿನಲ್ಲಿ ದಾಯಾದಿಗಳು ಒಪ್ಪಿದರು: ಇಯೊಸುವನಿಗೇ ಇರಲಿ, ಹೊಸ ಸಭಾಮನೆ ತೆರೆಯುವ ದಿನ ಅಲ್ಲೇ ಪಟ್ಟ ಕಟ್ಟೋಣ, ಅಲ್ಲಿಯವರೆಗೆ ಊರಿಗೆ ತಿಳಿಸುವುದು ಬೇಡ.

ಫೆಟು ಮನೆಮನೆಗೆ ಹೋಗಿ ಕೇಳಿದಳು. ನಿಮ್ಮ ಕಂಬ ಯಾವುದು, ಎಡಕ್ಕೆ ಯಾರು, ಬಲಕ್ಕೆ ಯಾರು? ಇಪ್ಪತ್ತೊಂದು ಮನೆಯವರೂ ಹೇಳಿದರು. ಕೇಳದೆ ಬಿಟ್ಟದ್ದು ಒಂದೇ ಮನೆ, ತನ್ನದು.

ಮರೆವಲ್ಲ, ಮರ್ಯಾದೆ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಾದರೂ ಸರಿ ಎನ್ನುತ್ತಾರೆ. ಫಾಲೆಮಾಲುವಿನಲ್ಲಿ ಬಡಿಸುವವಳು ತನ್ನವರ ಎಲೆಯನ್ನು ದಾಟಿಯೇ ಹೋಗಬೇಕು. "ಅಯ್ಯೋ, ನಿಮ್ಮವರಿಗೆ?" ಎಂದು ಪಂಕ್ತಿಯವರು ಕೇಳಬೇಕು. ಕೇಳಿಯೇ ಕೇಳುತ್ತಾರೆ. ತನ್ನ ಮನೆತನದ ಕಂಬವನ್ನು ತಾನೇ ನಕ್ಷೆಯಲ್ಲಿ ಗುರುತಿಸಿದರೆ, ಓದಿದ ಹುಡುಗಿಗೆ ಹೆಮ್ಮೆ ಬಂತು ಎನ್ನುತ್ತಾರೆ. ಅದರಲ್ಲೂ ಖಾಲಿ ಬಿದ್ದ ಪಟ್ಟದ ಕಂಬ.

"ಅಜ್ಜಿ, ನಮ್ಮದು ಬರೀಲಾ?"

"ನಾವಾಗಿ ಬರ್ಕೊಳ್ಳೋದಾ? ನಾಚಿಕೆ ಆಗಲ್ವೇನೇ? ಅವರೇ ನೆನಪಿಸ್ತಾರೆ ಬಿಡು."

ಹಾಗಾಗಿ ಮಾದರಿಯಲ್ಲಿ ಇಪ್ಪತ್ತೊಂದು ಕಡ್ಡಿ ನೆಟ್ಟಳು. ಸಮುದ್ರದ ಕಡೆ ಮಾತ್ರ, ಹಲ್ಲು ಬಿದ್ದ ಬಾಯಂತೆ, ಒಂದು ಕಂಬದಷ್ಟು ಜಾಗ ಬಿಟ್ಟಳು. ಕಣ್ಣಿದ್ದವರು ಕೇಳಲಿ ಎಂದು.

ಚರ್ಚಿನ ಪಡಸಾಲೆಯಲ್ಲಿ ಸಭೆ ಸೇರಿತು. ಫೆಟು ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ತಲೆ ತಗ್ಗಿಸಿ ಕೂತಳು. ಕೇಳಿದರೆ ಮಾತ್ರ ಉತ್ತರ. ಯಜಮಾನರು ಒಬ್ಬೊಬ್ಬರಾಗಿ ಮಾದರಿಯ ಮೇಲೆ ಬಗ್ಗಿ ತಮ್ಮ ತಮ್ಮ ಕಡ್ಡಿಯನ್ನು ನೋಡಿಕೊಂಡರು. ಗುಂಪಿನ ಫೋಟೋದಲ್ಲಿ ಮನುಷ್ಯ ತನ್ನ ಮುಖವನ್ನಷ್ಟೇ ಹುಡುಕುವಂತೆ.

"ನನ್ನದು ಸ್ವಲ್ಪ ಸೊಟ್ಟ ಅಲ್ವಾ?"

"ಕಂಬ ನೆಟ್ಟಗಿದೆ, ನಿನ್ನ ಸೊಂಟ ಸೊಟ್ಟ!"

ಎಲ್ಲರೂ ನಕ್ಕರು. ಸಭೆಯ ಮಾತುಗಾರ ಲೌಮಾಟಿ ಮಾತ್ರ ಕಂಬದಿಂದ ಕಂಬಕ್ಕೆ ಬೆರಳಿಟ್ಟು ಎಣಿಸುತ್ತ ಬಂದ. ಊರಿನ ವಂಶಾವಳಿಯೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಬೆರಳು ಆ ಅಗಲವಾದ ಜಾಗಕ್ಕೆ ಬಂದು ನಿಂತಿತು.

"ಇಲ್ಯಾಕಮ್ಮ ಇಷ್ಟು ಅಗಲ?"

ಇಪ್ಪತ್ತೊಂದು ತಲೆಗಳು ಅವಳತ್ತ ತಿರುಗಿದವು. ಹೇಳಬೇಕಾದದ್ದು ಒಂದೇ ಮಾತು: ಅದು ತಾಫಿಲಿಯ ಜಾಗ. ಆದರೆ ಅದು ಅವಳು ಹೇಳುವ ಮಾತಾಗಿರಲಿಲ್ಲ.

"ದೊಡ್ಡವರು ತಾವು ಹೇಳಿದ ಹಾಗೆ," ಎಂದಳು.

ದಾಯಾದಿಗಳು ಒಪ್ಪಿದ್ದು ಲೌಮಾಟಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹನ್ನೊಂದು ವರ್ಷದ ಜಗಳ. ಮನೆಯ ಮಗಳೇ ಆ ಹೆಸರೆತ್ತುತ್ತಿಲ್ಲ ಎಂದರೆ ಏನೋ ಇರಬೇಕು. ಇನ್ನೊಬ್ಬರ ಮನೆಯ ಹುಣ್ಣನ್ನು ತುಂಬಿದ ಸಭೆಯಲ್ಲಿ ಮುಟ್ಟುವುದು ಸಭ್ಯತೆಯಲ್ಲ. ಅವನೂ ಮರ್ಯಾದಸ್ಥನೇ.

"ಹಾಗಾದ್ರೆ ಸಮ ಮಾಡಿಬಿಡು ಮಗಳೇ. ವಕ್ರ ಕಾಣತ್ತೆ," ಎಂದು ಬೆರಳು ಮುಂದಕ್ಕೆ ಸರಿಸಿದ.

ಹಿಂದುಗಡೆ ಒಲೆಯ ಹೊಗೆಯಲ್ಲಿ ಇಯೊಸುವ ಗೆಡ್ಡೆ ಸುಲಿಯುತ್ತಿದ್ದ. ಏನಾಯ್ತು ಎಂದು ಕೇಳಲಿಲ್ಲ. ಕೇಳಿದರೆ ಆಸೆಪಟ್ಟಂತೆ. "ಮಾದರಿ ಒಪ್ಪಿದ್ರಂತೆ, ಸಂತೋಷ ಪುಟ್ಟಿ," ಎಂದಷ್ಟೇ ಹೇಳಿ ದೊಡ್ಡ ಗೆಡ್ಡೆಯನ್ನು ಅವಳ ಎಲೆಗೆ ಹಾಕಿದ. ಕಟ್ಟುವುದರೊಳಗೆ ಯಾರಾದರೂ ನೆನಪಿಸುತ್ತಾರೆ ಎಂದುಕೊಂಡೇ ಅವಳು ಅದನ್ನು ತಿಂದಳು.

ಆಕ್ಲೆಂಡಿನಲ್ಲಿ ಅವಳು ಸಮ ಮಾಡಿದಳು. ಇಪ್ಪತ್ತೊಂದು ಕಂಬ, ಅವುಗಳ ನಡುವೆ ಇಪ್ಪತ್ತೊಂದು ಅಂಕಣ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಹಳೆಯ ಮನೆಗಿಂತ ಒಂದು ಕಂಬ ಕಡಿಮೆಯಿದ್ದೂ ಚಾವಣಿ ಹೇಗೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು ಪರೀಕ್ಷಕರು ತುಂಬ ಮೆಚ್ಚಿಕೊಂಡರು. ಅಂಕಣವೊಂದು ಕಡಿಮೆಯಾಯಿತು, ಅಂಕ ಹೆಚ್ಚಾಯಿತು. ಸ್ಥಳವನ್ನೂ ಜನರನ್ನೂ ಇಷ್ಟು ಚೆನ್ನಾಗಿ ಆಲಿಸಿದ ವಿದ್ಯಾರ್ಥಿನಿಯನ್ನು ಕಂಡಿಲ್ಲ ಎಂದು ಮೇಷ್ಟ್ರು ಎಲ್ಲರೆದುರು ಹೇಳಿದಾಗ ಫೆಟು ಹೊರಗೆ ಹೋಗಿ ನೀರು ಕುಡಿದಳು.

ಯಾರೂ ನೆನಪಿಸಲಿಲ್ಲ. ಸಭಾಮನೆ ತೆರೆಯುವುದಕ್ಕೆ ಎರಡು ದಿನ ಮುಂಚೆ ಅವಳು ಊರಿಗೆ ಬಂದಿಳಿದಾಗ ಚಾವಣಿ ಹೊದಿಸಿ ಮುಗಿದಿತ್ತು. ಅಂದವಾಗಿತ್ತು, ಅದೇ ಅವಳಿಗೆ ಸಂಕಟ. ಬಡಗಿ ಪೆನಿಯಾತಾ ಉಳಿ ತೊಳೆಯುತ್ತಿದ್ದ.

"ಪೆನಿಯಾತಣ್ಣ, ಇನ್ನೊಂದು ಕಂಬ ಸೇರಿಸೋಕಾಗತ್ತಾ?"

ಅವನು ಮೇಲೆ ನೋಡಿದ. "ಯಾಕಾಗಲ್ಲ? ನೆಡಬಹುದು. ಆದ್ರೆ ಅದರ ಮೇಲೆ ಭಾರ ಇರಲ್ಲ. ತೊಲೆಯೆಲ್ಲ ಇಪ್ಪತ್ತೊಂದಕ್ಕೇ ಹಂಚಿಹೋಗಿದೆ, ನೀನೇ ಬರೆದ ಲೆಕ್ಕ. ಸುಮ್ನೆ ನಿಂತಿರೋ ಕಂಬ." ಅವನಿಗೆ ಈಗ ಅರ್ಥವಾಯಿತು. ದನಿ ತಗ್ಗಿಸಿದ. "ಏನೂ ಹೊರದ ಕಂಬಕ್ಕೆ ನಿಮ್ಮ ಮಾವನ್ನ ಒರಗಿಸ್ತೀಯಾ? ಬ್ಯಾಡಮ್ಮ. ಜನ ನಗ್ತಾರೆ."

ಅಷ್ಟರಲ್ಲಿ ಆಕ್ಲೆಂಡಿನ ದಾಯಾದಿಗಳೂ ಬಂದು ಕಂಬ ಎಣಿಸಿದ್ದರು. ಒಲ್ಲದ ಮನಸ್ಸಿನಿಂದ ಒಪ್ಪಿದ್ದ ಅವರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಅವರಲ್ಲೊಬ್ಬಳು, ಫೆಟುವಿನ ಅಮ್ಮನ ದೊಡ್ಡಪ್ಪನ ಮಗಳು, ಚಾಪೆಯ ಚಾವಡಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಸ್ವಂತ ಸೋದರಸೊಸೆಯೇ ಅವನಿಗೊಂದು ಕಂಬ ಇಟ್ಟಿಲ್ಲ. ಅವನ ಯೋಗ್ಯತೆ ಅವಳಿಗಿಂತ ಚೆನ್ನಾಗಿ ನಮಗೆ ಗೊತ್ತಾ?" ಅದು "ಫೆಟುವಿನಲ್ಲಿ ಕೇಳಿದ್ದು" ಆಗಿ ಸಂಜೆಯೊಳಗೆ ಊರಿಡೀ ಹರಡಿತು. ಈಸ್ಟರಿನ ಒಪ್ಪಂದ ಮುರಿಯಿತು. ಪಟ್ಟದ ಮಾತು ಇನ್ನೊಮ್ಮೆ ನೋಡೋಣ ಎಂದರು. ಇನ್ನೊಮ್ಮೆ ಎಂದರೆ ಯಾವಾಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಮುಸುಕೆಳೆದು ಮಲಗಿದಳು. ಕಂಬ ಹೋದ ಮನೆಗೆ ಕಂಬನಿಯೊಂದೇ ಉಳಿಯಿತು.

ತೆರೆಯುವ ದಿನ ಬೆಳಿಗ್ಗೆ ಫೆಟು ಒಲೆಯ ಹತ್ತಿರ ಹೋದಳು. ಇಯೊಸುವ ಕಾದ ಕಲ್ಲುಗಳ ಮೇಲಿನ ಬಾಳೆ ಎಲೆಗಳನ್ನು ಸರಿಸುತ್ತಿದ್ದ.

"ಮಾವ, ತಪ್ಪಾಯ್ತು."

"ಏನು ತಪ್ಪು? ಮನೆ ಚೆನ್ನಾಗಿದೆ. ಗಾಳಿ ಎಷ್ಟು ಚೆನ್ನಾಗಿ ಆಡತ್ತೆ."

"ನೀನಾದ್ರೂ ಒಂದು ಮಾತು ಕೇಳಬಾರದಿತ್ತಾ?"

"ನಾನು ಹೇಗೆ ಕೇಳಲಿ ಪುಟ್ಟಿ? ಪಟ್ಟ ಬೇಕು ಅಂತ ಬಾಯಿಬಿಟ್ಟ ಹಾಗಾಗಲ್ವಾ?" ಎಲೆ ಸರಿಸುತ್ತಲೇ ಇದ್ದ. "ನೀನು ಬಂದು ಕೇಳಿದ್ರೆ ಹೇಳ್ತಿದ್ದೆ. ದಿನಾ ಕಾದೆ. ನೀನು ಎಲ್ಲರ ಮನೆಗೂ ಪುಸ್ತಕ ಹಿಡ್ಕೊಂಡು ಹೋಗ್ತಿದ್ದೆ."

ಅವಳೂ ಪಕ್ಕದಲ್ಲಿ ಕೂತು ಎಲೆ ಸರಿಸತೊಡಗಿದಳು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಹೊಗೆ ಇಲ್ಲದಿದ್ದರೂ ಉರಿಯುತ್ತಿತ್ತು.

ಸಭಾಮನೆಯಿಂದ ಲೌಮಾಟಿಯ ದನಿ ಎದ್ದಿತು. ಇಪ್ಪತ್ತೊಂದು ಪಟ್ಟಗಳನ್ನು ಒಂದೊಂದಾಗಿ ಹೆಸರು ಹಿಡಿದು ಸ್ವಾಗತಿಸಿ, ಕೊನೆಯಲ್ಲಿ ಒಂದು ಕ್ಷಣ ತಡೆದು, ಊಟ ಬರಲಿ ಎಂದ. ಇಯೊಸುವ ಕೈಯೊರೆಸಿಕೊಂಡು ಬುಟ್ಟಿಯನ್ನು ಹೆಗಲಿಗೇರಿಸಿದ. ಸಮುದ್ರದ ಕಡೆಯ ಎರಡು ಕಂಬಗಳ ನಡುವೆ, ಕೂತವರಿಗಿಂತ ತಲೆ ಎತ್ತರವಾಗದಂತೆ ಸೊಂಟ ಬಗ್ಗಿಸಿ, "ಕ್ಷಮಿಸಿ, ದಾಟ್ತಾ ಇದ್ದೀನಿ" ಎನ್ನುತ್ತ ಒಳಗೆ ಹೋದ. ಯಾರಿಗೆ ಮೊದಲು ಬಡಿಸಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.